ಮಗಳ ರಕ್ತಪರೀಕ್ಷೆಗೆ ನಾಲ್ಕು ಸಲ ಅಲೆದಾಟ: ಓದುಗರ ಸ್ಪಂದನ

ಸಮಸ್ಯೆ ಹೀಗಿತ್ತು: ಸುರಪುರ ತಾಲ್ಲೂಕಿನ ಮಾಜಿ ಹವಾಲ್ದಾರರೊಬ್ಬರು ಬರೆದಿದ್ದರು. ಎಂಟು ವರ್ಷದ ಮಗಳು ವರ್ಷದಿಂದ ಎತ್ತರ ಆಗಿಲ್ಲ. ಮಲಬದ್ಧತೆ ಇದೆ, ಚರ್ಮ ಒಣಗಿದೆ, ಬಿರುಬಿಸಿಲಿನಲ್ಲೂ ಚಾದರ ಹೊದ್ದು ಕೂಡುತ್ತಾಳೆ. ಮಕ್ಕಳ ವೈದ್ಯರು ಥೈರಾಯ್ಡ್ ಇರಬಹುದೆಂದು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಬೇರೆ ಜಿಲ್ಲೆಯಲ್ಲಿರುವ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಹೋದರೆ ಮೊದಲ ಸಲ ಕಿಟ್ ಇರಲಿಲ್ಲ, ಎರಡನೇ ಸಲ ವೈದ್ಯಾಧಿಕಾರಿ ರಜೆಯಲ್ಲಿದ್ದರು. ಮೂರನೇ ಸಲ ಹೊರಗಿನ ಲ್ಯಾಬ್‌ಗೆ ಕಳಿಸುವ ಚೀಟಿ, ಅಂದರೆ ರೆಫರಲ್ ಸಿಕ್ಕಿತು. ಆದರೆ ಇಸಿಎಚ್‌ಎಸ್ ಕಾರ್ಡಿನಲ್ಲಿರುವ ಮಗಳ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದು ಇಂಗ್ಲಿಷ್ ಅಕ್ಷರ ವ್ಯತ್ಯಾಸವಿದೆ ಎಂದು ಲ್ಯಾಬ್‌ನವರು ವಾಪಸ್ ಕಳಿಸಿದರು. ನಾಲ್ಕನೇ ಸಲ ಹೋಗುವಷ್ಟರಲ್ಲಿ ರೆಫರಲ್‌ನ ಅವಧಿ ಮುಗಿದಿತ್ತು. ‘ಹದಿನೇಳು ವರ್ಷ ಗಡಿ ಕಾಯ್ದೆ. ಮಗಳ ಒಂದು ಟ್ಯೂಬ್ ರಕ್ತ ಪರೀಕ್ಷೆ ಮಾಡಿಸಲು ಆಗುತ್ತಿಲ್ಲ. ಏನು ಮಾಡಲಿ?’ ಎಂದು ಕೇಳಿದ್ದರು.

*

ಅಣ್ಣಾರೆ, ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ನಮ್ಮನೆಯವರೂ ಫೌಜಿನವರೇ, ಈಗ ರಿಟೈರ್ ಆಗ್ಯಾರ. ನಮ್ಮ ಮಗನಿಗೂ ಇದೇ ಆಗಿತ್ತು. ಅಡುಗಿಮನಿ ಬಾಗಿಲ ಚೌಕಟ್ಟಿಗೆ ಪ್ರತಿ ಯುಗಾದಿಗೆ ನಿಲ್ಲಿಸಿ ಪೆನ್ಸಿಲಿಲೆ ಗೆರಿ ಎಳಿತಿದ್ವಿ. ಒಂದು ವರ್ಷ ಹೊಸ ಗೆರಿ ಹಳೇ ಗೆರಿ ಮ್ಯಾಲೇ ಬಿತ್ತು. ನಮ್ಮತ್ತಿ ‘ಇನ್ನೊಮ್ಮೆ ನೆಟ್ಟಗ ನಿಲ್ಲಿಸು’ ಅಂದ್ರು. ನಿಲ್ಲಿಸಿದೆ. ಅಲ್ಲೇ ಬಿತ್ತು.

ನಾವೂ ಕಾಗದ ಹಿಡಿದು ಎರಡು ತಿಂಗಳು ತಿರುಗಿದ್ವಿ. ಕಡಿಗೆ ಒಂದು ಮುಂಜಾನಿ ನಾನೇ ಮಗನ್ನ ಕರ್ಕೊಂಡು ಬಜಾರದಾಗಿನ ಲ್ಯಾಬಿಗೆ ಹೋಗಿ ರೊಕ್ಕ ಕೊಟ್ಟು ಮಾಡಿಸಿದೆ. ಸೂಜಿ ಚುಚ್ಚುವಾಗ ಅವನು ನನ್ನ ಸೆರಗು ಹಿಡಿದಿದ್ದ, ಹತ್ತಿ ಒತ್ತಿದ ಮ್ಯಾಲೂ ಬಿಡಲಿಲ್ಲ. ಸಂಜಿಗೆ ರಿಪೋರ್ಟ್ ಬಂತು. ಎರಡು ತಿಂಗಳು ನಾವು ಕಾಯ್ದಿದ್ದು ಒಂದು ಸಂಜಿಯ ಕೆಲಸಕ್ಕ ಅಂತ ಅವತ್ತು ಗೊತ್ತಾಯ್ತು. ಆ ರೊಕ್ಕ ಇವತ್ತಿಗೂ ವಾಪಸ್ ಬಂದಿಲ್ಲ, ಬರೋದೂ ಇಲ್ಲ. ಆದರೆ ಮರುದಿನದಿಂದ ಮಗನಿಗೆ ಗುಳಗಿ ಸುರು ಆಯ್ತು. ಮುಂದಿನ ಯುಗಾದಿಗೆ ಗೆರಿ ಮ್ಯಾಲೆ ಹೋಯ್ತು.

ನೀವು ತಡ ಮಾಡಬ್ಯಾಡ್ರಿ. ನಾಳೆನೇ ಮಾಡಿಸ್ರಿ.

— ಒಬ್ಬ ತಾಯಿ, ಬೀದರ್

*

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತಿಯ ನಂತರ ಕೆಲವು ವರ್ಷ ಒಂದು ಪಾಲಿಕ್ಲಿನಿಕ್‌ನಲ್ಲಿ ಗುತ್ತಿಗೆ ಮೇಲೆ ದುಡಿದಿದ್ದೇನೆ. ಅಲ್ಲಿ ಕಿಟಕಿಯ ಒಳಗಡೆ ಕೂತು ನೋಡಿದ್ದನ್ನು ನಿಮಗೆ ಹೇಳುತ್ತೇನೆ ತಮ್ಮ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಗಂಟು ಎಲ್ಲಿ ಬಿದ್ದಿದೆ ಅಂತ ತಿಳಿದರೆ ಬಿಚ್ಚುವುದು ಸುಲಭ.

ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಪೆನ್ಶನ್‌ಗೆ ಬಂದ ಸೈನಿಕನಿಗೆ ದೂರದ ಮಿಲಿಟರಿ ಆಸ್ಪತ್ರೆ ಬಿಟ್ಟರೆ ಗತಿ ಇರಲಿಲ್ಲ. ನಮ್ಮ ಭಾಗದವರು ಸಿಕಂದರಾಬಾದ್ ರೈಲು ಹತ್ತಬೇಕಿತ್ತು. ಯೋಜನೆ ಒಳ್ಳೆಯದು. ಪರೀಕ್ಷೆ ಪಾಲಿಕ್ಲಿನಿಕ್‌ನಲ್ಲೇ ಆಗದಿದ್ದರೆ ಅಲ್ಲಿಯ ವೈದ್ಯಾಧಿಕಾರಿ ರೆಫರಲ್ ಕೊಡುತ್ತಾರೆ, ಒಪ್ಪಂದದ ಲ್ಯಾಬ್ ದುಡ್ಡು ಕೇಳದೆ ಮಾಡುತ್ತದೆ, ಆಮೇಲೆ ಬಿಲ್ಲನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ. ಆ ಬಿಲ್ಲಿನ ಜೊತೆ ರೆಫರಲ್, ಕಾರ್ಡು, ರಿಪೋರ್ಟು ಎಲ್ಲ ಸ್ಕ್ಯಾನ್ ಆಗಿ ಹೋಗಬೇಕು. ಹೆಸರಿನಲ್ಲಿ ಒಂದಕ್ಷರ ಬೇರೆ ಇದ್ದರೂ ಪರಿಶೀಲನೆಯಲ್ಲಿ ಬಿಲ್ಲು ವಾಪಸ್ ಬೀಳುತ್ತದೆ. ಹಳೇ ಬಾಕಿಯೇ ಬಂದಿಲ್ಲದ ಲ್ಯಾಬಿನ ಹುಡುಗ ಮಗುವಿನ ಮುಖ ನೋಡುವುದಿಲ್ಲ, ಅಕ್ಷರ ನೋಡುತ್ತಾನೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಒಂದು ಕಿಟಕಿಯವರ ಹೆದರಿಕೆ ಇನ್ನೊಂದು ಕಿಟಕಿಯವರಿಗೆ ದಾಟಿ, ಕಡೆಗೆ ಎಂಟು ವರ್ಷದ ಹುಡುಗಿಯ ಮೇಲೆ ಬೀಳುತ್ತದೆ. ನಾನೇ ಎಷ್ಟೋ ಜನರನ್ನು ‘ಸೋಮವಾರ ಬನ್ನಿ’ ಅಂತ ಕಳಿಸಿದ್ದೇನೆ. ಅವರು ಎಷ್ಟು ದೂರದಿಂದ ಬಂದಿದ್ದಾರೆಂದು ಒಬ್ಬರನ್ನೂ ಕೇಳಲಿಲ್ಲ. ಅದು ಈಗ ಚುಚ್ಚುತ್ತದೆ.

ಈಗ ಕೆಲಸದ ಮಾತು. ಹೆಸರು ಎಲ್ಲಿ ತಪ್ಪಿದೆ ಎನ್ನುವುದನ್ನು ಮೊದಲು ನೋಡಿ. ನೀವು ಸರ್ವಿಸ್‌ನಲ್ಲಿದ್ದಾಗ ಮಗಳು ಹುಟ್ಟಿದ್ದನ್ನು ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಸೈನಿಕನ ಸೇವಾ ದಾಖಲೆಗೆ ಸೇರುವ ಆದೇಶದಲ್ಲಿ ಹಾಕಿಸಿರುತ್ತೀರಿ. ಕಾರ್ಡಿಗೆ ಹೆಸರು ಬರುವುದು ಆ ದಾಖಲೆಯಿಂದ. ಅಲ್ಲಿಯೇ ತಪ್ಪಿದ್ದರೆ ಸೇನೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು, ಅದು ನಿಧಾನ. ಅಲ್ಲಿ ಸರಿ ಇದ್ದು ಆಧಾರ್‌ನಲ್ಲಿ ತಪ್ಪಿದ್ದರೆ ನಿಮ್ಮ ಅದೃಷ್ಟ. ಜನನ ಪ್ರಮಾಣಪತ್ರ ತೋರಿಸಿ ಆಧಾರ್ ಕೇಂದ್ರದಲ್ಲಿ ತಿದ್ದಿಸಬಹುದು. ನಮ್ಮ ಕಡೆ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಎ’ ಬರೆದರೆ ಇನ್ನೊಬ್ಬರು ಎರಡು ಬರೆಯುತ್ತಾರೆ, ಮಗುವಿನ ತಪ್ಪೇನು? ಹೆಸರು ತಿದ್ದುವವರೆಗೆ, ಎರಡೂ ಹೆಸರು ಒಂದೇ ಮಗುವಿನದು ಎಂದು ರೆಫರಲ್ ಮೇಲೆಯೇ ವೈದ್ಯಾಧಿಕಾರಿ ಬರೆದು ಸಹಿ, ಸೀಲು ಹಾಕಲಿ. ನಾನಿದ್ದಾಗ ಹೀಗೆ ಮಾಡಿಸಿಕೊಂಡವರ ಕೆಲಸ ಆಗಿದೆ. ಪಾಲಿಕ್ಲಿನಿಕ್‌ಗೆ ಒಬ್ಬ ಆಫೀಸರ್ ಇನ್‌ಚಾರ್ಜ್ ಇರುತ್ತಾರೆ, ಅವರೂ ಸೈನ್ಯದಿಂದ ಬಂದವರೇ. ಕಿಟಕಿಯಲ್ಲಿ ವಾದಿಸಬೇಡಿ, ನೇರ ಅವರ ಕೋಣೆಗೆ ಹೋಗಿ. ಹೋಗುವ ಮುಂಚೆ ಫೋನ್ ಮಾಡಿ ವೈದ್ಯಾಧಿಕಾರಿ ಇದ್ದಾರಾ, ಕಿಟ್ ಬಂದಿದೆಯಾ ಕೇಳಿ. ರೆಫರಲ್ ಸಿಕ್ಕ ದಿನವೇ ಲ್ಯಾಬಿಗೆ ಹೋಗಿ, ಅವಧಿ ಮುಗಿಯಲು ಬಿಡಬೇಡಿ.

— ಮಾಜಿ ಸೈನಿಕ, ಆಳಂದ

*

ಸರ್, ನಾನು ಲ್ಯಾಬ್ ಟೆಕ್ನೀಷಿಯನ್. ನಾಲ್ಕು ಮಾತು ಹೇಳುತ್ತೇನೆ. ಟಿಎಸ್‌ಎಚ್‌ಗೆ ಮಗಳು ಉಪವಾಸ ಇರಬೇಕಿಲ್ಲ, ಉಣಿಸಿಯೇ ಕರೆತನ್ನಿ. ಕೂದಲು, ಉಗುರಿಗೆಂದು ಬಯೋಟಿನ್ ಇರುವ ಟಾನಿಕ್ಕು, ಮಾತ್ರೆ ಕೊಡುತ್ತಿದ್ದರೆ ಮೊದಲೇ ತಿಳಿಸಿ. ಅದರಿಂದ ಫಲಿತಾಂಶ ತಪ್ಪಾಗಿ ಬರುವುದುಂಟು. ಟಿಎಸ್‌ಎಚ್ ಜೊತೆ ಫ್ರೀ ಟಿ4 ಎಂಬ ಇನ್ನೊಂದು ಥೈರಾಯ್ಡ್ ಪರೀಕ್ಷೆ ಕೂಡ ಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಅದಕ್ಕೂ ಮತ್ತೊಂದು ರೆಫರಲ್ ಎಂದಾಗುತ್ತದೆ. ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾದ ಮಿತಿ ಹೆಚ್ಚಾಗಿ ದೊಡ್ಡವರದ್ದು. ಮಕ್ಕಳದ್ದು ವಯಸ್ಸಿಗೆ ತಕ್ಕಂತೆ ಬೇರೆ, ಹಾಗಾಗಿ ನೀವೇ ನೋಡಿ ಗಾಬರಿ ಆಗಬೇಡಿ, ಸಮಾಧಾನವನ್ನೂ ಪಟ್ಟುಕೊಳ್ಳಬೇಡಿ.

ಸರಕಾರಿ ದವಾಖಾನೆಯನ್ನು ಯಾಕೆ ಮರೆತಿರಿ? ಯಾದಗಿರಿಯಲ್ಲಿ ಯಿಮ್ಸ್ ಇದೆ, ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್. ಮೂರೂ ವೈದ್ಯಕೀಯ ಕಾಲೇಜುಗಳೇ. ಮಕ್ಕಳ ವಿಭಾಗದ ಹೊರರೋಗಿ ಚೀಟಿ ಮಾಡಿಸಿದರೆ ಅಲ್ಲಿ ಯಾರೂ ಸೈನಿಕರ ಕಾರ್ಡು ಕೇಳುವುದಿಲ್ಲ.

— ಯಾದಗಿರಿ

*

ಸ್ವಂತ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ ಎಂದು ಬಹಳ ಜನ ನಿಮಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೆನ್ಶನ್ ಹೊತ್ತಿಗೆ ನಮ್ಮಿಂದ ವಂತಿಗೆ ಕಟ್ಟಿಸಿಕೊಂಡೇ ಈ ಕಾರ್ಡು ಕೊಟ್ಟಿದ್ದಾರೆ. ಇದು ಯಾರ ದಾನವೂ ಅಲ್ಲ. ಇವತ್ತು ನೀವು ಕೈಯಿಂದ ಕೊಟ್ಟರೆ, ನಾಳೆ ಕೊಡಲು ಕೈಯಲ್ಲಿ ಏನೂ ಇಲ್ಲದ ಸಿಪಾಯಿಯ ವಿಧವೆ ಅದೇ ಕಿಟಕಿಯ ಮುಂದೆ ನಿಲ್ಲುತ್ತಾಳೆ. ತುರ್ತು ಸಂದರ್ಭ ಅಲ್ಲದ ಪರೀಕ್ಷೆಯನ್ನು ರೆಫರಲ್ ಇಲ್ಲದೆ ಮಾಡಿಸಿದರೆ ಹಣವೂ ಮರಳಿ ಬರುವುದಿಲ್ಲ.

ಆಗಲ್ಲ ಎಂದವರಿಂದ ಅದನ್ನೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ದಿನಾಂಕ, ಸಮಯ, ಹೇಳಿದ ಮಾತು ನೀವೇ ಬರೆದಿಟ್ಟುಕೊಳ್ಳಿ, ಬಸ್ ಟಿಕೆಟ್ ಲಗತ್ತಿಸಿ. ಕೇಂದ್ರ ಸರಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ಹಾಕಿ. ಕಿಟ್ ಯಾವತ್ತು ಖಾಲಿಯಾಯಿತು, ಯಾವತ್ತು ಬೇಡಿಕೆ ಕಳಿಸಿದರು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ ಹೋಗಲಿ. ಕೋಪ ಮಾಡಿಕೊಂಡು ಹೊರಬಂದರೆ ಅವರಿಗೇ ಅನುಕೂಲ.

ಇಷ್ಟು ಬರೆದ ಮೇಲೆ ನನ್ನ ಹೆಂಡತಿಗೆ ಓದಿ ಹೇಳಿದೆ. ಆಕೆ ಕೇಳಿದಳು: ‘30 ದಿನ ಆ ಕೂಸು ಹಂಗೇ ಚಾದರ ಹೊದ್ದುಕೊಂಡು ಕೂಡಬೇಕಾ?’ ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಪರೀಕ್ಷೆಯನ್ನು ಸರಕಾರಿ ದವಾಖಾನೆಯಲ್ಲಾದರೂ ಈ ವಾರವೇ ಮಾಡಿಸಿ. ಆದರೆ ದೂರನ್ನು ಬಿಡಬೇಡಿ. ಥೈರಾಯ್ಡ್ ಎಂದೇ ಆದರೆ ಮಾತ್ರೆ, ಮತ್ತೆ ಮತ್ತೆ ಪರೀಕ್ಷೆ ಎಂದು ಆ ಕಿಟಕಿಗೆ ನೀವು ವರ್ಷಗಟ್ಟಲೆ ಹೋಗಬೇಕಾಗುತ್ತದೆ.

— ನಿವೃತ್ತ ಸುಬೇದಾರ್, ಹುಮನಾಬಾದ್

*

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನಿಮ್ಮ ಮಗಳು ಶಾಲೆಯಲ್ಲಿ ಹೇಗಿದ್ದಾಳೆಂದು ನೀವು ಬರೆದಿಲ್ಲ. ನನ್ನ ತರಗತಿಯಲ್ಲಿ ಇಂಥದೇ ಒಬ್ಬ ಹುಡುಗಿ ಇದ್ದಳು. ಲೆಕ್ಕ ಬಿಡಿಸುತ್ತ ಸ್ಲೇಟಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ‘ಸೋಮಾರಿ’ ಅಂತ ಬೈದೆ, ನಿಲ್ಲಿಸಿದೆ. ಅವಳಿಗೆ ಥೈರಾಯ್ಡ್ ಇದೆಯೆಂದು ಎಷ್ಟೋ ತಿಂಗಳ ಮೇಲೆ ತಿಳಿಯಿತು. ದಯವಿಟ್ಟು ಈಗಲೇ ಅವಳ ಟೀಚರ್‌ಗೆ ವಿಷಯ ಹೇಳಿ. ರಿಪೋರ್ಟು ಬರುವವರೆಗೆ ಕಾಯಬೇಡಿ.

ನನ್ನ ಮನೆ ಶಹಾಪುರ ಬಸ್ ನಿಲ್ದಾಣದ ಹತ್ತಿರವೇ ಇದೆ. ಯಾದಗಿರಿಗೆ ಹೋಗುವ ದಿನ ಪತ್ರಿಕೆಯವರ ಮೂಲಕ ತಿಳಿಸಿದರೆ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ, ಬಿಸಿ ರೊಟ್ಟಿ ತಿಂದು ಮುಂದೆ ಹೋಗುವಿರಂತೆ. ಶನಿವಾರವಾದರೆ ನನ್ನ ಶಾಲೆ ಬೇಗ ಬಿಡುತ್ತದೆ, ನಾನೂ ನಿಮ್ಮ ಜೊತೆ ಬರುತ್ತೇನೆ.

— ಶಹಾಪುರ