ತುರ್ತು: ರಿಬ್ಬನ್ ಮೈಕಿನ 'ರಿಬ್ಬನ್'ಗೆ ಕನ್ನಡ ಪದ ಬೇಕು (ದುರಸ್ತಿ ಹಾಳೆಗೆ)

ಮಡಿಕೇರಿಯಿಂದ:
ಹಳೆಯ ರಿಬ್ಬನ್ ಮೈಕುಗಳ ಸವೆದ ಭಾಗ ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಿಬ್ಬನ್ ಎಂದರೆ ಅಯಸ್ಕಾಂತದ ನಡುವೆ ನಿಂತು ದನಿಗೆ ಅಲುಗುವ ಲೋಹದ ಎಳೆ; ಆ ಅಲುಗಾಟವೇ ವಿದ್ಯುತ್ತಾಗುತ್ತದೆ. ಒಂದೇ ಹಾಳೆ, ರಿಪೇರಿ ಮೇಜಿನ ಮೇಲೆ ಅಂಟಿಸುವುದಕ್ಕೆ. ಜೊತೆಗೆ ಬಿಡಿಭಾಗಗಳ ಡಬ್ಬಿಗಳಿಗೆ ಚೀಟಿ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ. ಕನ್ನಡ ಸಿಗದೆ ನಿಂತಿರುವ ಪದಗಳು ನಾಲ್ಕು: ರಿಬ್ಬನ್, ಅದರ ಮೇಲಿನ ಕಾರುಗೇಶನ್ (ಸಾಲು ಮಡಿಕೆ), ಡಯಾಫ್ರಮ್ (ದನಿಗೆ ಅಲುಗುವ ತೆಳು ಪದರ), ಷಾಕ್‌ಮೌಂಟ್ (ಮೈಕಿಗೆ ಅದುರು ತಾಗದಂತೆ ಹಿಡಿಯುವ ಭಾಗ). 'ಪಟ್ಟಿ' ಎಂದರೆ ಗಾಯಕ್ಕೆ ಸುತ್ತುವುದೂ ಆಗುತ್ತದೆ, ಹೆಸರುಗಳ ಪಟ್ಟಿಯೂ ಆಗುತ್ತದೆ. 'ತಗಡು' ತೀರಾ ದಪ್ಪ. ಅಮೆರಿಕದ ಆರ್‌ಸಿಎ ಕಂಪನಿಯ 44 ಮಾದರಿಯ ಮೈಕಿನಲ್ಲಿ ರಿಬ್ಬನ್ ಸುಮಾರು 60 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಅಲ್ಯೂಮಿನಿಯಂ, ದಪ್ಪ 2 ಮೈಕ್ರಾನ್ ಆಸುಪಾಸು. ಆ ತೆಳು ಪದದಲ್ಲೇ ಬರಬೇಕು.

ಗೋಣಿಕೊಪ್ಪದಿಂದ:
ರಿಬ್ಬನ್ ಅಂತಲೇ ಬರೆಯಿರಿ. ಸಾಮಾನು ತರಿಸುವವರು ಕೇಳುವುದು ಅದನ್ನೇ. ಚೀಟಿ ಓದಿದವರು ಡಬ್ಬಿ ತೆರೆದು ನೋಡುವ ಹಾಗಾದರೆ ಆ ಚೀಟಿ ಯಾಕೆ?

ಸೋಮವಾರಪೇಟೆಯಿಂದ:
ರೇಕು. ಅಕ್ಕಸಾಲಿಗರ ಬಾಯಲ್ಲಿ ಇರುವ ಪದ: ಬಂಗಾರದ ರೇಕು, ಬೆಳ್ಳಿ ರೇಕು. ಬಡಿದು ತೆಳುವಾಗಿಸಿದ ಲೋಹ ಎಂಬ ಅರ್ಥ ಅದರಲ್ಲೇ ಇದೆ. ಕಾರುಗೇಶನ್‌ಗೆ ನಿರಿಗೆ. ಕೊಡಗಿನಲ್ಲಿ ಸೀರೆಯ ನಿರಿಗೆ ಹಿಂದಕ್ಕೆ ಹೋಗುತ್ತದೆಯೇ ಹೊರತು ಪದ ಎಲ್ಲೂ ಹೋಗಿಲ್ಲ. ಡಯಾಫ್ರಮ್ಮಿಗೆ ಪೊರೆ. ಯಾರಾದರೂ 'ವಪೆ' ಎಂದು ಬರುವ ಮುಂಚೆ ಹೇಳಿಬಿಡುತ್ತೇನೆ: ಸಂಸ್ಕೃತದ ವಪಾ ಎಂದರೆ ಕರುಳಿನ ಮೇಲಿನ ಕೊಬ್ಬಿನ ಪದರ. ಮೈಕಿನೊಳಗೆ ಅದಕ್ಕೇನು ಕೆಲಸ?

ಕುಶಾಲನಗರದಿಂದ:
ವಪೆ ಶಾಲೆಯ ಜೀವಶಾಸ್ತ್ರ ಪುಸ್ತಕದಲ್ಲಿ ನೆಲೆಯೂರಿದೆ. ಇನ್ನು ರೇಕು ಸಂಸ್ಕೃತದ ರೇಖೆಯಿಂದಲೇ ಬಂದದ್ದು ಎಂದು ನಾನು ತಿಳಿದಿದ್ದೇನೆ. ಅಚ್ಚಗನ್ನಡ ಎಂದು ಎದೆ ತಟ್ಟಿಕೊಳ್ಳುವ ಮೊದಲು ಅದನ್ನು ವಿಚಾರಿಸಿ.

ಸೋಮವಾರಪೇಟೆಯಿಂದ:
ರೇಖೆ ಎಂದರೆ ಗೆರೆ. ಗೆರೆಗೂ ತೆಳು ಲೋಹಕ್ಕೂ ಏನು ನಂಟು? ತೆಲುಗಿನಲ್ಲಿ ರೇಕು ಎಂದರೆ ಹೂವಿನ ಎಸಳು. ಎಸಳಿನಿಂದ ತೆಳು ಹಾಳೆಗೆ ಬರುವುದು ಸಹಜವಾದ ದಾರಿ. ಕಂಡದ್ದನ್ನೆಲ್ಲ ಸಂಸ್ಕೃತಕ್ಕೆ ಕಟ್ಟುವುದನ್ನು ಬಿಡಿ.

ಕುಶಾಲನಗರದಿಂದ:
ಅದೇ ತೆಲುಗಿನಲ್ಲಿ ತಿರುಮಲದ ಕೀರ್ತನೆಗಳನ್ನು ಕೆತ್ತಿದ ತಾಮ್ರಪಟಗಳಿಗೂ 'ರಾಗಿ ರೇಕುಲು' ಎನ್ನುತ್ತಾರೆ. ಅಕ್ಷರ ಕೆತ್ತುವಷ್ಟು ದಪ್ಪದ ತಗಡು ಅದು. ನಿಮ್ಮ ತೆಳು ಎಲ್ಲಿ ಹೋಯಿತು?

ವಿರಾಜಪೇಟೆಯಿಂದ:
ಪದ ಯಾವುದಾದರೂ ಹಾಕಿ, ಪಕ್ಕದಲ್ಲಿ ದಪ್ಪ ಬರೆಯದೆ ಬಿಡಬೇಡಿ. 'ಅಲ್ಯೂಮಿನಿಯಂ ಹಾಳೆ' ಎಂದಷ್ಟೇ ಇದ್ದರೆ ಕೈ ನೇರ ಅಡುಗೆಮನೆಯ ಫಾಯಿಲ್ ಸುರುಳಿಗೆ ಹೋಗುತ್ತದೆ. ಅದು 10 ಮೈಕ್ರಾನ್ ಆಸುಪಾಸು, ಹಲವು ಇನ್ನೂ ದಪ್ಪ. ಅಂದರೆ ಕಡಿಮೆಯೆಂದರೂ ಐದು ಪಟ್ಟು ಭಾರ. ಅದು ಗಾಳಿಯ ಜೊತೆ ಅಲುಗುವುದಿಲ್ಲ. ದನಿ ಕುಗ್ಗುತ್ತದೆ, ಮೇಲಿನ ಸ್ವರಗಳು ಸತ್ತೇ ಹೋಗುತ್ತವೆ.

ನಿರಿಗೆ ಸರಿ, ಆದರೆ 'ಅಡ್ಡ ನಿರಿಗೆ' ಎನ್ನಿ. ಸೀರೆಯ ನಿರಿಗೆ ಉದ್ದಕ್ಕೆ ಇಳಿಯುತ್ತದೆ, ಆರ್‌ಸಿಎಯದು ಅಗಲಕ್ಕೆ ಅಡ್ಡ. ರೇಕನ್ನು ಎರಡು ತೆಳು ಕಾಗದಗಳ ನಡುವೆ ಇಟ್ಟು ಗಾಜಿನ ಮೇಲೆ ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ನಿಂತು ನಿಂತು ಎಳೆದರೆ ಅಂಚು ಹಲ್ಲುಹಲ್ಲಾಗಿ ಅಲ್ಲಿಂದಲೇ ಹರಿಯುತ್ತದೆ. ಆಮೇಲೆ ಎರಡು ಸಣ್ಣ ಹಲ್ಲುಚಕ್ರಗಳ ನಡುವೆ ಹಾಯಿಸಬೇಕು. ನಿರಿಗೆ ಬಿದ್ದಷ್ಟೂ ಉದ್ದ ಕಡಿಮೆಯಾಗುತ್ತದೆ. 60 ಬೇಕಾದರೆ 80 ಮಿ.ಮೀ. ಕತ್ತರಿಸಿಕೊಳ್ಳಿ.

ನಿಮ್ಮ ಕರಡಿನಲ್ಲಿ 'ರಿಬ್ಬನ್ನನ್ನು ಬಿಗಿ ಮಾಡಿ' ಎಂಬ ಸಾಲು ಇದ್ದರೆ ದಯವಿಟ್ಟು ತೆಗೆಯಿರಿ. ಬಿಗಿದಷ್ಟೂ ಅದರ ಸ್ವಂತ ಕಂಪನ ಮೇಲೇರುತ್ತದೆ, ಮಂದ್ರ ಹೋಗುತ್ತದೆ. 'ಸಡಿಲವಾಗಿ ಕೂರಿಸಿ, ಜೋಲು ಬೀಳದಿರಲಿ' ಎಂದು ಬರೆಯಿರಿ. ಎರಡೂ ಪಕ್ಕದಲ್ಲಿ ಅಯಸ್ಕಾಂತದ ತುಟಿಗೆ (ಅಂಚಿಗೆ) ಸುಮಾರು 0.1 ಮಿ.ಮೀ. ಸಂದು ಉಳಿಯಬೇಕು. ಎಲ್ಲಾದರೂ ತಾಗಿದರೆ ಗೊರಗೊರ ಶಬ್ದ.

ಉಕ್ಕಿನ ಸ್ಕ್ರೂಡ್ರೈವರ್ ಹತ್ತಿರ ಬರಲೇಬಾರದು. ಅಯಸ್ಕಾಂತ ಅದನ್ನು ಸೆಳೆದು ರೇಕಿನ ಮೂಲಕವೇ ತೂರಿಸುತ್ತದೆ. ಹಿತ್ತಾಳೆಯ ಅಥವಾ ಬಿದಿರಿನ ಉಪಕರಣ ಬಳಸಿ. ಸಂದಿನಲ್ಲಿ ಸೇರಿದ ಕಬ್ಬಿಣದ ಪುಡಿಯನ್ನು ಹೊಸ ರೇಕು ಹಾಕುವ ಮುನ್ನ ಅಂಟು ಟೇಪಿನಿಂದ ಎತ್ತಿ. ಊದಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಬೆಸುಗೆ ಬೇಡ, ಅಲ್ಯೂಮಿನಿಯಂ ಹಿಡಿಯುವುದಿಲ್ಲ. ಎರಡೂ ತುದಿಯನ್ನು ಒತ್ತಿ ಹಿಡಿಯುವ ಹಿಡಿಕೆಯ (ಕ್ಲ್ಯಾಂಪಿನ) ಒತ್ತಡವೇ ವಿದ್ಯುತ್ ಸಂಪರ್ಕ.

ಓಮ್ ಮೀಟರಿನಲ್ಲಿ ಪರೀಕ್ಷಿಸಬಹುದು ಎಂದು ಬರೆಯಬೇಡಿ. ರೇಕಿನ ರೋಧ ಸುಮಾರು 0.2 ಓಮ್. ಅದಕ್ಕೆ ಅಡ್ಡಲಾಗಿ ಟ್ರಾನ್ಸ್‌ಫಾರ್ಮರಿನ ಸುರುಳಿ ಇರುವುದರಿಂದ ರೇಕು ಹರಿದಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ.

ಗೋಣಿಕೊಪ್ಪದಿಂದ:
ಇಷ್ಟೆಲ್ಲ ಹೇಳುವಾಗ ನೀವೇ ಸ್ಕ್ರೂಡ್ರೈವರ್, ಟ್ರಾನ್ಸ್‌ಫಾರ್ಮರ್, ಟೇಪು ಎಂದಿರಿ. ಯಾರಿಗೂ ಅರ್ಥವಾಗದೆ ಹೋಯಿತೇ? ಷಾಕ್‌ಮೌಂಟಿಗೂ ಹೊಸದು ಹುಟ್ಟಿಸಬೇಡಿ. ಜೀಪು ರಿಪೇರಿಯವರು ರಬ್ಬರ್ ಬುಷ್ ಎನ್ನುತ್ತಾರೆ, ಕೆಲಸವೂ ಅದೇ: ಅದುರು ತಡೆಯುವುದು.

ಸೋಮವಾರಪೇಟೆಯಿಂದ:
ಬುಷ್ ಒಪ್ಪಿದೆ. ರಿಬ್ಬನ್ ಒಪ್ಪುವುದಿಲ್ಲ. ನಮ್ಮಲ್ಲಿ ಇಲ್ಲದ್ದನ್ನು ತರುವುದು ಎರವಲು, ಇದ್ದದ್ದನ್ನು ಮರೆತು ತರುವುದು ಸೋಮಾರಿತನ.

ಕುಶಾಲನಗರದಿಂದ:
1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟಾಗ ಇದು ಸಂಸ್ಕೃತ ಎಂದು ಯಾರೂ ದೂರ ತಳ್ಳಲಿಲ್ಲ. ಇವತ್ತಿಗೂ ಮಡಿಕೇರಿ ಕೇಂದ್ರ ಆ ಹೆಸರಿನಲ್ಲೇ ಮಾತಾಡುತ್ತಿದೆ.

ಗೋಣಿಕೊಪ್ಪದಿಂದ:
ಕೇಂದ್ರದ ಹೆಸರು ಆಕಾಶವಾಣಿ ಆಯಿತು, ಮನೆಯ ಪೆಟ್ಟಿಗೆ ರೇಡಿಯೊ ಆಗಿಯೇ ಉಳಿಯಿತು. ಕೈಯಲ್ಲಿ ಹಿಡಿಯುವ ವಸ್ತುವಿಗೆ ಜನ ತಮ್ಮದೇ ಹೆಸರು ಇಟ್ಟುಕೊಳ್ಳುತ್ತಾರೆ. ಮೈಕಿಗೆ 'ಧ್ವನಿವರ್ಧಕ' ಎಂದು ಬರೆದು ಬರೆದು ಏನಾಯಿತು? ಈಗ ಅದು ಮೈಕೋ ಸ್ಪೀಕರೋ ಎಂದು ಕೇಳಬೇಕಾಗಿದೆ. ಮೈಕು ದನಿಯನ್ನು ಹಿಡಿಯುತ್ತದೆ, ಹೆಚ್ಚಿಸುವುದಿಲ್ಲ.

ವಿರಾಜಪೇಟೆಯಿಂದ:
ಪೊರೆಯ ಬಗ್ಗೆ ಒಂದು ಮಾತು. ರಿಬ್ಬನ್ ಮೈಕಿನಲ್ಲಿ ರೇಕೇ ಡಯಾಫ್ರಮ್, ಬೇರೆ ಪೊರೆ ಇಲ್ಲ. ಹಾಗಾಗಿ ಈ ಹಾಳೆಯಲ್ಲಿ ಪದ ಒಂದೇ ಸಾಕು. ಕಂಡೆನ್ಸರ್ ಮೈಕಿಗೆ (ಲೋಹದ ಫಲಕದ ಎದುರು ತೆಳು ಪೊರೆ ಅಲುಗುವ ಬಗೆ) ಬರುವಾಗ ಪೊರೆ ಎನ್ನಿ. ಜರ್ಮನಿಯ ನಾಯ್ಮನ್ ಕಂಪನಿಯ 1949ರ ಕಂಡೆನ್ಸರ್ ಮೈಕು ಯು 47ರ ಪಿವಿಸಿ ಪೊರೆ ವಯಸ್ಸಾದಂತೆ ಗಡುಸಾಗಿ ಬಿರಿಯುತ್ತದೆ. 'ಪೊರೆ ಬಿರಿದಿದೆ' ಎಂದರೆ ಕಣ್ಣಿಗೆ ಕಟ್ಟುತ್ತದೆ, 'ವಪೆ ಬಿರಿದಿದೆ' ಎಂದರೆ ಆಸ್ಪತ್ರೆ ನೆನಪಾಗುತ್ತದೆ.

ಮಳೆಗಾಲಕ್ಕೂ ಒಂದು ಸಾಲು ಸೇರಿಸಿ. ಮೈಕನ್ನು ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ರೇಕು ಜೋಲುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಕ್ರಿಸ್ಟಲ್ ಮೈಕು (ಹರಳಿನಿಂದ ಕೆಲಸ ಮಾಡುವಂಥದ್ದು) ಇದ್ದರೆ ಕೊಡಗಿನ ಜುಲೈ ಅದಕ್ಕೆ ಶತ್ರು: ಒಳಗಿರುವ ರೋಷೆಲ್ ಉಪ್ಪು ತೇವಕ್ಕೆ ಕರಗುತ್ತದೆ. ಸುಮಾರು 55 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕೆಡುವುದರಿಂದ ಒಲೆಯ ಪಕ್ಕ ಒಣಗಿಸುವಂತೆಯೂ ಇಲ್ಲ. ಕೆಟ್ಟ ಹರಳಿನ ಬದಲಿಗೆ ಸೆರಾಮಿಕ್ ತುಂಡು ಹಾಕುತ್ತಾರೆ. ಅದನ್ನು ಪಿಂಗಾಣಿ ಎಂದು ಬರೆಯಬೇಡಿ, ಚಹಾದ ಕಪ್ಪು-ಬಸಿ ಅಲ್ಲ ಅದು.

ಮಡಿಕೇರಿಯಿಂದ:
ಎಲ್ಲರಿಗೂ ಕೃತಜ್ಞತೆ. ಚೀಟಿ ಹೀಗೆ ಹೋಗುತ್ತಿದೆ: 'ರೇಕು (ರಿಬ್ಬನ್), ಅಲ್ಯೂಮಿನಿಯಂ, 2 ಮೈಕ್ರಾನ್, ಅಡ್ಡ ನೆರಿಗೆ'. 'ರಬ್ಬರ್ ಬುಷ್'. ಹಾಳೆಯ ಮೂರನೆಯ ಹೆಜ್ಜೆ: 'ರೇಕಿನ ಎರಡೂ ತುದಿಯ ಹಿಡಿಕೆ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಕೂರಿಸಿ.'

ಸೋಮವಾರಪೇಟೆಯಿಂದ:
ನೆರಿಗೆ ಅಲ್ಲ, ನಿರಿಗೆ. ಹಳಗನ್ನಡದಲ್ಲಿ ನಿರಿ.

ಗೋಣಿಕೊಪ್ಪದಿಂದ:
ಎರಡೂ ನಡೆಯುತ್ತದೆ. ಆವರಣದಲ್ಲಿ ರಿಬ್ಬನ್ ಇದೆಯಲ್ಲ, ನನಗೆ ಅಷ್ಟು ಸಾಕು.

ವಿರಾಜಪೇಟೆಯಿಂದ:
ಮೂರನೆಯ ಹೆಜ್ಜೆಯಲ್ಲಿ 'ಒರೆಸಿ' ಎಂದಿರಿ. ಯಾವುದನ್ನು? ಹೀಗೆ ಬಿಟ್ಟರೆ ರೇಕನ್ನೇ ಒರೆಸುತ್ತಾರೆ, ಬಟ್ಟೆ ತಾಗಿದೊಡನೆ ಅದು ಹರಿದು ಹೋಗುತ್ತದೆ. 'ಹಿಡಿಕೆಯ ಒಳಮುಖವನ್ನು ಮಾತ್ರ ಒರೆಸಿ, ರೇಕನ್ನು ಮುಟ್ಟಬೇಡಿ' ಎಂದು ತಿದ್ದಿಯೇ ಅಚ್ಚಿಗೆ ಕಳಿಸಿ.