ಮನೆಮಂದಿಯೇ ಸೇರಿ ಕ್ರೈಸ್ತ ಭಕ್ತಿಗೀತೆಗಳ ಲೇಬಲ್: ಅನುಭವ ಇದ್ದವರು ತಿಳಿಸಿ

ರಾಯಚೂರಿನ ಸಹೋದರರೊಬ್ಬರ ಪ್ರಶ್ನೆ: ಅಪ್ಪ ಹಾಡು ಬರೆಯುತ್ತಾರೆ, ತಂಗಿ ಹಾಡುತ್ತಾಳೆ, ನಾನು ಕೀಬೋರ್ಡ್ ನುಡಿಸುತ್ತೇನೆ. ಯೇಸುವಿನ ಸ್ತುತಿಗೀತೆಗಳಿಗೆ ನಮ್ಮದೇ ಲೇಬಲ್, ಅಂದರೆ ಹಾಡು ಹೊರತರುವ ಸಂಸ್ಥೆ, ಕಟ್ಟಬೇಕೆಂದಿದ್ದೇವೆ. ಮೊದಲು ಏನು ಕೊಳ್ಳಬೇಕು?

ಬಳ್ಳಾರಿಯಿಂದ:

ಸಹೋದರರೇ, ಏನನ್ನೂ ಕೊಳ್ಳುವ ಮೊದಲು ಅಪ್ಪನನ್ನೂ ತಂಗಿಯನ್ನೂ ಕೂರಿಸಿಕೊಂಡು ಒಂದು ಕಾಗದ ಮಾಡಿಕೊಳ್ಳಿ. ನಾವೂ ಮನೆಯವರೇ ಸೇರಿ ಏಳು ವರ್ಷಗಳಿಂದ ಹಾಡುಗಳನ್ನು ಹೊರತರುತ್ತಿದ್ದೇವೆ. ನಮಗೆ ಪೆಟ್ಟು ಬಿದ್ದದ್ದು ಅಲ್ಲಿಯೇ. ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರೂ ಕಾನೂನಿನ ಲೆಕ್ಕದಲ್ಲಿ ಬೇರೆ ಬೇರೆ ಸ್ವತ್ತುಗಳು. ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಧ್ವನಿಮುದ್ರಣದ ಹಕ್ಕು ಬಿಡುಗಡೆಯ ನಂತರ 60 ವರ್ಷ. ನಮ್ಮ ಸೋದರಮಾವ ರಾಗ ಹಾಕಿದ ಹಾಡನ್ನು ಬೇರೊಂದು ಚಾನೆಲ್‌ನವರು ಕೇಳಿದಾಗ ಮಾವನನ್ನು ಒಂದು ಮಾತೂ ಕೇಳದೆ ನಾನೇ ಒಪ್ಪಿಬಿಟ್ಟೆ. ಎರಡು ತಿಂಗಳು ಮಾವ ನಮ್ಮ ಹೊಸ್ತಿಲು ತುಳಿಯಲಿಲ್ಲ. ಈಗ ಪ್ರತಿ ಹಾಡಿಗೂ ಒಂದು ಹಾಳೆ ಇದೆ: ಬರೆದವರು, ರಾಗ ಹಾಕಿದವರು, ಹಾಡಿದವರು, ನುಡಿಸಿದವರು, ದುಡ್ಡು ಹಾಕಿದವರು, ಬಂದದ್ದರಲ್ಲಿ ಯಾರಿಗೆಷ್ಟು. ಕೆಳಗೆ ಎಲ್ಲರ ಸಹಿ. ಮೊದಲ ಸಹಿ ಮಾವನದು.

ತೆಲುಗು ಹಾಡುಗಳ ವಿಷಯದಲ್ಲೂ ಎಚ್ಚರಿಕೆ ಇರಲಿ. ನಮ್ಮ ಗಡಿಭಾಗದ ಸಭೆಗಳಲ್ಲಿ ಅವನ್ನು ಕನ್ನಡಕ್ಕೆ ತಿರುಗಿಸಿ ಹಾಡುವುದು ವಾಡಿಕೆ. ಆರಾಧನೆಯಲ್ಲಿ ಹಾಡುವುದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಧ್ವನಿ ಮುದ್ರಿಸಿ ಲೇಬಲ್ ಹೆಸರಿನಲ್ಲಿ ಬಿಡುಗಡೆ ಮಾಡುವುದಾದರೆ ಅನುವಾದಕ್ಕೂ ಮೂಲದವರ ಲಿಖಿತ ಒಪ್ಪಿಗೆ ಬೇಕು.

ಇನ್ನು ಸಾಮಾನು. ಒಂದು ಕಂಡೆನ್ಸರ್ ಮೈಕ್, ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಲ್ಯಾಪ್‌ಟಾಪ್, ಹೆಡ್‌ಫೋನ್ ಸಾಕು. ಅಜ್ಜಿ ಹೊಲಿದ ಕೌದಿಗಳನ್ನು ಗೋಡೆಗೆ ಇಳಿಬಿಟ್ಟೆವು, ಕೋಣೆಯ ಮಾರ್ದನಿ ಅಡಗಿತು. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಆ ಮಷಿನ್‌ಗಳು ನಿಲ್ಲುವುದು ರಾತ್ರಿ ಹತ್ತರ ಮೇಲೆ. ಆಮೇಲೆ ಫ್ಯಾನ್ ಆರಿಸಿ, ಏಪ್ರಿಲ್ ತಿಂಗಳ ಧಗೆಯಲ್ಲಿ, ನನ್ನ ಹೆಂಡತಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಒಂದೇ ಚರಣವನ್ನು ಹನ್ನೊಂದು ಸಲ ಹಾಡಿದಳು. ಆ ಹನ್ನೊಂದನೆಯದನ್ನು ಇಂದು ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಮಿಕ್ಸಿಂಗ್, ಅಂದರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ ಮಾತ್ರ ಬಲ್ಲವರಿಗೆ ಹಣ ಕೊಟ್ಟು ಮಾಡಿಸಿ.

ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಮುಂದೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರನ್ನು ಬದಲಿಸಿದರೂ ಹಾಡಿಗೆ ಆ ಗುರುತೇ ಮುಂದುವರಿಯಬೇಕು.

ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ ಉದ್ದನೆಯ ವೀಡಿಯೊಗಳಿಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಅದನ್ನು ನಂಬಿ ದಯವಿಟ್ಟು ಸಾಲ ಮಾಡಬೇಡಿ.

ಕೊಪ್ಪಳದಿಂದ:

ಅಣ್ಣನವರು ಹೇಳಿದ ಹಾಳೆಗೆ ಇನ್ನೊಂದು ಸಾಲು ಸೇರಿಸಿ: ತಾಳದ ಲೂಪ್ (ಮತ್ತೆ ಮತ್ತೆ ನುಡಿಯುವ ಸಿದ್ಧ ತುಣುಕು) ಎಲ್ಲಿಂದ ಬಂತು? ನಮ್ಮ ಕೀಬೋರ್ಡ್ ವಾದಕರು ಎಲ್ಲೋ ಸಿಕ್ಕ ಲೂಪ್ ಹಾಕಿದ್ದರು. ಬಿಡುಗಡೆಯಾದ ವಾರದಲ್ಲೇ ಹಾಡಿನ ಮೇಲೆ ಬೇರೆಯವರ ಹಕ್ಕುಸಾಧನೆ ಬಂತು. ಈಗ ತಮ್ಮನೇ ಢೋಲಕ್ ನುಡಿಸುತ್ತಾನೆ, ಹಾಡಿಗೂ ಕಳೆ ಬಂದಿದೆ. ಮತ್ತೆ, ಕ್ರಿಸ್‌ಮಸ್ ಹಾಡಾದರೆ ಅಕ್ಟೋಬರ್ ಮುಗಿಯುವುದರೊಳಗೆ ಎಲ್ಲ ಸಿದ್ಧವಿರಲಿ. ನಾವು ವಿತರಕರಿಗೆ ಡಿಸೆಂಬರ್ 20ಕ್ಕೆ ಕಳುಹಿಸಿದ್ದೆವು, ಗೋದಲಿಯ ಹಾಡು ಹೊರಬಂದದ್ದು ಜನವರಿಯಲ್ಲಿ.