‘ಬೋಲ್‌ಸ್ಟರ್’: ದಿಂಬಿಗೂ ಬೆಂಬಲಕ್ಕೂ ಒಂದೇ ಪದವೇಕೆ?

ಪ್ರಶ್ನೆ:
ಇಂಗ್ಲಿಷಿನ ‘ಬೋಲ್‌ಸ್ಟರ್’ ಪದಕ್ಕೆ ನಿಘಂಟಿನಲ್ಲಿ ‘ಲೋಡು, ಉದ್ದನೆಯ ದಿಂಬು’ ಎಂಬ ಅರ್ಥವೂ ಅದರ ಕೆಳಗೇ ‘ಬೆಂಬಲಿಸು, ಬಲಪಡಿಸು’ ಎಂಬ ಅರ್ಥವೂ ಇವೆ. ಇವು ಕಾಗುಣಿತದಲ್ಲಿ ಮಾತ್ರ ಹೊಂದುವ ಎರಡು ಬೇರೆ ಪದಗಳೇ, ಒಂದೇ ಪದದ ಎರಡು ಅರ್ಥಗಳೇ? ಅನುವಾದ ಮಾಡುವಾಗ ‘ಸಪೋರ್ಟ್’ಗೆ ಬಳಸುವ ‘ಬೆಂಬಲಿಸು’ ಎಂಬುದನ್ನೇ ಇದಕ್ಕೂ ಬಳಸಬಹುದೇ?

ಉತ್ತರ 1:
ಎರಡೂ ಒಂದೇ ಪದ. ಹಳೆಯ ಇಂಗ್ಲಿಷಿನಲ್ಲೇ ಇದು ದಿಂಬಿನ ಹೆಸರಾಗಿತ್ತು. ಜರ್ಮನ್ ಭಾಷೆಯಲ್ಲಿ ಮೆತ್ತೆಗೆ ಹೇಳುವ ‘ಪೋಲ್‌ಸ್ಟರ್’ ಇದರ ಸೋದರ ಪದ. ‘ಉಬ್ಬು’ ಎಂಬ ಅರ್ಥದ ಧಾತುವಿನಿಂದ ಇವು ಹುಟ್ಟಿದ್ದು, ಹೊಟ್ಟೆಗೆ ಹೇಳುವ ‘ಬೆಲ್ಲಿ’ ಮತ್ತು ತಿದಿಗೆ ಹೇಳುವ ‘ಬೆಲ್ಲೋಸ್’ ಕೂಡ ಅದೇ ಮೂಲದವು. ಕ್ರಿಯಾಪದ ಬಂದದ್ದು ಶತಮಾನಗಳ ಬಳಿಕ: ಮೊದಲು ದಿಂಬು ಕೊಟ್ಟು ಆನಿಸುವುದಕ್ಕೆ, ಅಲ್ಲಿಂದ ವಾದಕ್ಕೋ ಧೈರ್ಯಕ್ಕೋ ಆಸರೆ ಕೊಡುವುದಕ್ಕೆ ಅರ್ಥ ಹರಡಿತು. ರೈಲಿನ ಚಕ್ರಗಳ ಚೌಕಟ್ಟಿನಲ್ಲಿ ಅಡ್ಡಲಾಗಿದ್ದು ಡಬ್ಬಿಯ ಭಾರ ಹೊರುವ ತೊಲೆಗೂ ಇದೇ ಹೆಸರು. ಅದರಲ್ಲಿ ಮೆತ್ತನೆಯದೇನೂ ಇಲ್ಲ, ಆಸರೆಯ ಅರ್ಥವಷ್ಟೇ ಉಳಿದಿದೆ.

ಉತ್ತರ 2:
ವ್ಯುತ್ಪತ್ತಿಯನ್ನು ಒಪ್ಪುತ್ತೇನೆ, ಆದರೆ ಎಲ್ಲ ಕಡೆಯೂ ‘ಬೆಂಬಲಿಸು’ ಎಂದು ಬರೆಯುವುದು ನನಗೆ ಸರಿಕಾಣುವುದಿಲ್ಲ. ಅಭ್ಯರ್ಥಿಯನ್ನು ‘ಸಪೋರ್ಟ್’ ಮಾಡಬಹುದು. ‘ಬೋಲ್‌ಸ್ಟರ್’ ಮಾಡುವುದು ಸಾಮಾನ್ಯವಾಗಿ ಅವರ ವಾದವನ್ನು, ಆತ್ಮವಿಶ್ವಾಸವನ್ನು ಅಥವಾ ಸ್ಥಾನವನ್ನು, ಅಂದರೆ ಈಗಾಗಲೇ ಇದ್ದು ಇನ್ನಷ್ಟು ಬಲ ಬೇಡುವ ಒಂದನ್ನು. ಹೊಸ ಸಾಕ್ಷ್ಯವೊಂದು ವಾದವನ್ನು ಗಟ್ಟಿಗೊಳಿಸಿತು ಎನ್ನುವಲ್ಲಿ ನಮ್ಮಲ್ಲಿ ‘ವಾದಕ್ಕೆ ಪುಷ್ಟಿ ನೀಡಿತು’ ಎಂಬ ಸೊಗಸಾದ ಬಳಕೆಯೇ ಇದೆ. ಪುಷ್ಟವಾಗುವುದೆಂದರೆ ಮೈತುಂಬಿಕೊಳ್ಳುವುದು, ಇಂಗ್ಲಿಷ್ ಪದದ ಬೇರಿನಲ್ಲಿರುವ ಉಬ್ಬಿಗೆ ಇದು ಎಷ್ಟು ಹತ್ತಿರವಿದೆ ನೋಡಿ! ಆತ್ಮವಿಶ್ವಾಸದ ವಿಷಯಕ್ಕೆ ಮಾತ್ರ ‘ಹೆಚ್ಚಿಸು’ ಎಂಬ ಸರಳ ಪದವೇ ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಲೋಡಿಗೆ ಒರಗುವ ಚಿತ್ರವೂ ಉಳಿಯಲೆಂದು ‘ಒತ್ತು ಕೊಡು’ ಎಂದು ಬರೆದರೆ ಹೇಗೆ?

ಉತ್ತರ 2:
‘ಒತ್ತು’ ಎಂಬುದಕ್ಕೆ ಆಸರೆ ಎಂಬ ಅರ್ಥ ಇದ್ದರೂ, ಇಂದಿನ ಬರವಣಿಗೆಯಲ್ಲಿ ‘ಶಿಕ್ಷಣಕ್ಕೆ ಒತ್ತು ಕೊಡಬೇಕು’ ಎಂದರೆ ಪ್ರಾಧಾನ್ಯ ಕೊಡಬೇಕು ಎಂದೇ ಓದುಗರು ತಿಳಿಯುತ್ತಾರೆ. ಆಸರೆಯ ಚಿತ್ರ ಬೇಕೇಬೇಕೆಂದರೆ ‘ಒತ್ತಾಸೆಯಾಗಿ ನಿಲ್ಲು’ ಎಂದು ಬರೆಯಿರಿ. ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.